ಚೀಲಣ್ಣನ ದನಿ

ಹೆಡ್‌ಫೋನಿನ ಎಡಗಡೆಯ ಸ್ಪಂಜು ಹರಿದಿದೆ, ಯಾರದೋ ತಲೆಗೂದಲು ಅದಕ್ಕೆ ಅಂಟಿಕೊಂಡು ನನ್ನ ಕಿವಿಯೊಳಗೆ ಕಚಗುಳಿ ಇಡುತ್ತಿದೆ, ತೆಗೆಯೋಣವೆಂದರೆ ಗಂಜಿ ಹಾಕಿದ ರವಿಕೆಯ ತೋಳು ಸರಭರ ಎನ್ನುತ್ತದೆ, ಮೈಕಿಗೆ ಅಷ್ಟೇ ಸಾಕು, ಈ ಪೆಟ್ಟಿಗೆಯಂಥ ಕೋಣೆಯಲ್ಲಿ ನಿಂತೂ ನಿಂತೂ ಸದ್ದಿಲ್ಲದೆ ಸೀನುವುದನ್ನೂ ಕಲಿತವಳು ನಾನು, ಒಂದು ಕೂದಲಿಗೆ ಸೋಲುತ್ತೇನೆಯೇ — ಎದುರಿನ ಪರದೆಯ ಮೇಲೆ ಚೀಲಣ್ಣ ನಿಂತಿದ್ದಾನೆ, ಇನ್ನೂ ಬಣ್ಣ ತುಂಬಿಲ್ಲ, ಬರೀ ಗೆರೆಯ ಹೆಜ್ಜಾರ್ಲೆ ಹಕ್ಕಿ, ಕೊಕ್ಕಿನ ಕೆಳಗೆ ಜೋತುಬಿದ್ದ ಚೀಲ, ಅದರಲ್ಲಿ ಏನಿಲ್ಲ ಹೇಳಿ, ಮೊದಲನೇ ಸಿನಿಮಾದಲ್ಲಿ ಬೀಗದ ಕೈ ನುಂಗಿದ, ದೂತನ ಪೇಟ ನುಂಗಿದ, ಕೊನೆಗೆ ಫಿರಂಗಿಯ ಗುಂಡನ್ನೂ ನುಂಗಿ ಬಿಕ್ಕಳಿಸಿದ, ಥಿಯೇಟರಿನಲ್ಲಿ ಮಕ್ಕಳು ಕುರ್ಚಿಯಿಂದ ಜಾರಿ ಬಿದ್ದು ನಕ್ಕವು. ಆಗ ಅವನು ರಾಜಕುಮಾರನ ಬಾಲ, ಈಗ ಎರಡನೇ ಭಾಗದಲ್ಲಿ ಅವನೇ ಹೀರೋ, ಹೆಸರೂ ಅವನದೇ, ಆದರೆ ಇದನ್ನು ಥಿಯೇಟರಿಗೆ ಹಾಕುವುದಿಲ್ಲವಂತೆ, ನೇರ ಡಿಸ್ಕು ಮಾಡಿ ಅಂಗಡಿಗೆ ಕಳಿಸುತ್ತಾರಂತೆ, ಅಕ್ಕ ಕೇಳಿದಳು, ಹಾಗಂದ್ರೇನೇ, ಸೋಪು ಟೂತ್‌ಪೇಸ್ಟ್ ಪಕ್ಕ ಇಡ್ತಾರಾ, ಹೌದಕ್ಕ, ಅಲ್ಲೇ ಇಡ್ತಾರೆ, ಸೋಪಿನ ಜೊತೆ ಫ್ರೀ ಅಂತ ಕೊಡದಿದ್ರೆ ಸಾಕು. ರಾಜಕುಮಾರನಿಗೆ ದನಿ ಕೊಟ್ಟಿದ್ದ ದೊಡ್ಡ ನಟ ಡಿಸ್ಕಿಗೆಲ್ಲ ನಾನು ಬರಲ್ಲ ಎಂದುಬಿಟ್ಟ, ಆದ್ದರಿಂದ ಸಿನಿಮಾ ಪೂರ್ತಿ ರಾಜಕುಮಾರನದು ಬೆನ್ನು, ಊಟ ಮಾಡುವಾಗಲೂ ಬೆನ್ನು, ಕೋಪ ಬಂದರೂ ಬೆನ್ನು, ಈ ದೃಶ್ಯದಲ್ಲಂತೂ ದೂರ ಹೋಗುತ್ತಿರುವ ಹಡಗಿನ ಮೇಲೆ ಕಡ್ಡಿಯಷ್ಟು ಬೆನ್ನು, ದಡದಲ್ಲಿ ಚೀಲಣ್ಣ, ಅವನ ಬಾಯಿಗೆ ನಾನು ಹಾಕಬೇಕಾದ ಮಾತು ಇಷ್ಟೇ — ಹೋಗು ಹೋಗು, ನಾನೇನು ಅಳಲ್ಲ, ಒಂದು ಮಾತು, ನಿನ್ನ ಕಿರೀಟ ನನ್ನ ಚೀಲದಲ್ಲೇ ಉಳಿದುಹೋಗಿದೆ. ಕೇಳಿದವರ ಕಣ್ಣಲ್ಲಿ ನೀರು ಬರಬೇಕು. ಬೆಳಗಿನಿಂದ ಹೇಳುತ್ತಿದ್ದೇನೆ, ಸೌಂಡಿನವನು ಮೇಜಿನ ಕೆಳಗೆ ಬಗ್ಗಿ ನಗುತ್ತಿದ್ದಾನೆ, ತಂತಿ ಹುಡುಕುವವನ ಹಾಗೆ ನಟಿಸುತ್ತಾನೆ, ಭುಜ ಕುಲುಕುವುದು ಗಾಜಿನಾಚೆಯಿಂದಲೂ ಕಾಣುತ್ತದೆ.

ಮೇಡಂ, ಇನ್ನೊಂದ್ಸಲ ಹೋಗೋಣ್ವಾ, ಈ ಸಲ ಸ್ವಲ್ಪ ಎದೆಯಿಂದ ಬರ್ಲಿ, ಅನ್ನುತ್ತಾನೆ ಡೈರೆಕ್ಟರು, ನನ್ನ ಮಗನ ವಯಸ್ಸು, ಎಂದೂ ದನಿ ಏರಿಸುವುದಿಲ್ಲ, ಬೈದರೂ ವಾಸಿ, ಬೈಯುವವರು ನಮ್ಮನ್ನು ಇಟ್ಟುಕೊಳ್ಳುತ್ತಾರೆ, ಇಷ್ಟು ಮೆತ್ತಗೆ ಮಾತಾಡುವವರು ಆಗಲೇ ಮನಸ್ಸಿನಲ್ಲಿ ಬೇರೆಯವರನ್ನು ಗೊತ್ತು ಮಾಡಿರುತ್ತಾರೆ, ಗೊತ್ತು ಮಾಡಿಯೂ ಇದ್ದಾನೆ, ಗಾಜಿನಾಚೆ ಅವನ ಹಿಂದಿನ ಸೋಫಾದಲ್ಲಿ ಕೂತಿದ್ದಾನಲ್ಲ ಟಿವಿಯ ನಿರೂಪಕ, ಜೇನಿನಲ್ಲಿ ಅದ್ದಿ ತೆಗೆದಂಥ ಗಂಟಲು, ಸುಮ್ನೆ ನೋಡೋಕೆ ಬಂದೆ ಮೇಡಂ ಎಂದು ಕೈ ಮುಗಿದ, ಮಡಿಲಲ್ಲಿ ಇದೇ ದೃಶ್ಯದ ಹಾಳೆ ಇದೆ, ಹೆಜ್ಜಾರ್ಲೆಯ ಬಾಯಲ್ಲಿ ಜೇನು ಸುರಿದರೆ ಆ ಚೀಲದ ಗತಿಯೇನು. ಅವನ ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಭಾವ. ಯಾರೂ ಕರೆದಿಲ್ಲ. ಬೆಳಿಗ್ಗೆ ಅಕ್ಕನ ಫೋನು, ಇವರನ್ನೂ ಕರ್ಕೊಂಡು ಹೋಗೇ ಪುಟ್ಟಿ, ಮೊದಲು ಮಾತಾಡಿ ಪ್ರಾಣ ತಿಂತಿದ್ರು, ಈಗ ಮಾತಾಡದೆ ತಿಂತಿದಾರೆ.

ಚೀಲಣ್ಣನ ಈ ದನಿ ಅವರದು, ಇದು ನಮ್ಮ ಮನೆಯಲ್ಲಿ ಗುಟ್ಟೇನಲ್ಲ. ಭಾವ ದರ್ಜಿ, ದಿನವಿಡೀ ತುಟಿಯ ಎಡಮೂಲೆಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತು, ಮಾತೆಲ್ಲ ಬಲಮೂಲೆಯಿಂದ ನುಸುಳಿ, ಅರ್ಧ ಮೂಗಿಗೆ ಹೋಗಿ, ಹಿಂಡಿದ ಬಟ್ಟೆಯಂತೆ ಸುತ್ತಿಕೊಂಡು ಹೊರಗೆ ಬೀಳುತ್ತಿತ್ತು, ಉಸಿರು ಬಿಡಿ ಸ್ವಾಮಿ, ಹೊಟ್ಟೆ ಒಳಗೆಳ್ಕೊಂಡು ಅಳತೆ ಕೊಟ್ರೆ ಆಮೇಲೆ ಗುಂಡಿ ಹಾರಿ ನನ್ನ ಕಣ್ಣಿಗೇ ಬೀಳೋದು. ನಾನು ಮೊದಲ ಸಲ ಇಲ್ಲಿಗೆ ದನಿ ಪರೀಕ್ಷೆಗೆ ಬಂದಾಗ ಬಾತುಕೋಳಿ ಮಾಡಿದೆ, ಕಾಗೆ ಮಾಡಿದೆ, ಶೀತ ಆದ ಕತ್ತೆ ಮಾಡಿದೆ, ಯಾರೂ ತಲೆ ಎತ್ತಲಿಲ್ಲ, ಸಿಟ್ಟು ಬಂದು ಸೆರಗಿನ ಪಿನ್ನು ಕಿತ್ತು ಬಾಯಿಗೆ ಕಚ್ಚಿ ಭಾವನ ಹಾಗೆ ಬೈದೆ, ಸಾಕು, ಇದೇ ಹಕ್ಕಿ, ಅಂದರು. ಅವತ್ತಿನಿಂದ ಮೈಕಿನ ಮುಂದೆ ಪಿನ್ನು ಕಚ್ಚದೆ ನಿಂತವಳಲ್ಲ. ಭಾವ ಬೇಜಾರು ಮಾಡಿಕೊಳ್ಳುವುದಿರಲಿ, ಅಂಗಡಿಯ ಬೋರ್ಡಿಗೆ ಹಕ್ಕಿ ಬರೆಸಿ, ಚೀಲಣ್ಣನ ಅಸಲಿ ದನಿ ಇಲ್ಲಿದೆ, ಬ್ಲೌಸಿಗೆ ಲೈನಿಂಗ್ ಹಾಕಿಕೊಡಲಾಗುವುದು ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಬರೆಸಿದರು, ಅಳತೆಗೆ ಬಂದ ಮಕ್ಕಳಿಗೆ ಒಂದೊಂದು ಡೈಲಾಗ್ ಉಚಿತ, ನಾನು ತಪ್ಪು ಹೇಳಿದ್ದನ್ನೂ ತಿದ್ದಿ ಹೇಳುತ್ತಿದ್ದರು, ಅಲ್ಲಿ ನಿಮ್ಮ ನಾದಿನಿ ಸ್ವಲ್ಪ ಎಳೆದುಬಿಟ್ಲು ಅನ್ಸುತ್ತೆ ಎಂದು ಗಿರಾಕಿಗಳೇ ಅವರಿಗೆ ಹೇಳುವಷ್ಟು.

ಹೋದ ವರ್ಷ ಗಂಟಲಲ್ಲಿ ಗಡ್ಡೆ ಅಂದರು, ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಕುತ್ತಿಗೆಯಲ್ಲಿ ಉಸಿರಾಟಕ್ಕೆ ಒಂದು ತೂತು, ಅದನ್ನು ಮುಚ್ಚಲು ಅಂಗಿಗೊಂದರಂತೆ ಬಣ್ಣ ಕೂಡಿಸಿ ತಾವೇ ಹೊಲಿದುಕೊಂಡ ಸ್ಕಾರ್ಫು, ಇವತ್ತು ನೀಲಿ, ಕರೆಯಬೇಕಾದರೆ ಅಳತೆಪಟ್ಟಿಯನ್ನು ಮೇಜಿಗೆ ಚಟೀರೆನಿಸುತ್ತಾರೆ, ಬೈಯಬೇಕಾದರೂ ಅದೇ, ಹೊಗಳುವುದಕ್ಕೆ ಇನ್ನೂ ಏನೂ ಕಂಡುಹಿಡಿದಿಲ್ಲ ಅನ್ನುತ್ತಾಳೆ ಅಕ್ಕ, ಮೊದಲೂ ಇರಲಿಲ್ಲ ಬಿಡು. ಪಿನ್ನು ಮಾತ್ರ ಅದೇ ಮೂಲೆಯಲ್ಲಿ ಅದೇ ಸಾಲು. ಅವರ ದನಿ ಮನೆಯಲ್ಲಿ ಎಲ್ಲೂ ಉಳಿದಿಲ್ಲ, ಹುಡುಕಿದ್ದೇವೆ, ಮದುವೆಯ ವಿಡಿಯೋದಲ್ಲಿ ಭಾವ ಬಾಯಿ ತೆರೆದಲ್ಲೆಲ್ಲ ಹಾಡು ಹಾಕಿದ್ದಾರೆ, ಫೋನಿನಲ್ಲಿ ಸಿಕ್ಕಿದ್ದು ಹಲೋ ಕೇಳಿಸ್ತಿಲ್ಲ ಎಂಬ ಎರಡೇ ಮಾತು. ಕಳೆದ ತಿಂಗಳು ಹೇಳದೆ ಅವರ ಮನೆಗೆ ಹೋದರೆ ಅಕ್ಕ, ಜನ್ಮದಲ್ಲಿ ಕಾರ್ಟೂನು ನೋಡದ ಅಕ್ಕ, ಮಧ್ಯಾಹ್ನ ಟಿವಿಯ ಮುಂದೆ ಬಟಾಣಿ ಬಿಡಿಸುತ್ತಾ ಕೂತಿದ್ದಾಳೆ, ಪರದೆಯಲ್ಲಿ ಚೀಲಣ್ಣ ಫಿರಂಗಿಯ ಗುಂಡು ನುಂಗಿ ಜಂಬ ಕೊಚ್ಚುತ್ತಿದ್ದಾನೆ, ಇವಳು ತಲೆ ಎತ್ತದೆ, ಹೂಂ ಹೂಂ, ಗೊತ್ತು ನಿಮ್ಮ ಪ್ರತಾಪ, ಮೊದಲು ಮೇಲಿಂದ ಆ ಡಬ್ಬ ಇಳಿಸಿಕೊಡಿ ಅನ್ನುತ್ತಿದ್ದಾಳೆ. ನಾನು ಬಾಗಿಲಲ್ಲೇ ನಿಂತೆ. ಅವಳಿಗೆ ನನ್ನನ್ನು ಕಂಡು ಮುಖವೆಲ್ಲ ಕೆಂಪು, ಸುಮ್ನೆ ಹಾಕಿದ್ದೆ ಕಣೇ, ಮನೆ ಬಿಕೋ ಅನ್ನುತ್ತೆ ಅಂತ. ಆ ಮೊದಲನೇ ಸಿನಿಮಾದ ಡಿಸ್ಕಿನಲ್ಲಿ ಅವನು ಮಾತಾಡುವುದೇ ಸ್ವಲ್ಪ ಹೊತ್ತು, ಅವಳಿಗೆ ಪ್ರತಿ ಮಾತಿಗೂ ಉತ್ತರ ಬಾಯಿಪಾಠವಾಗಿರಬೇಕು. ಹೊಸದರಲ್ಲಿ ಅವನು ಮೊದಲಿಂದ ಕೊನೆವರೆಗೂ ಮಾತಾಡುತ್ತಾನೆ. ಅದನ್ನು ಈ ಜೇನುಗಂಟಲಿಗೆ ಬಿಟ್ಟುಕೊಟ್ಟು ಮನೆಗೆ ಹೋಗಿ ಅಕ್ಕನಿಗೆ ಏನು ಹೇಳಲಿ, ಅವಳು ಯಾರಿಗೆ ಡಬ್ಬ ಇಳಿಸಲು ಹೇಳುತ್ತಾಳೆ.

ಹೋಗು ಹೋಗು, ನಾನೇನು ಅಳಲ್ಲ — ಸೌಂಡಿನವನು ಮತ್ತೆ ಮೇಜಿನ ಕೆಳಗೆ. ಡೈರೆಕ್ಟರು ತನ್ನ ಮೈಕಿನ ಗುಂಡಿ ಒತ್ತಿದ, ಮೇಡಂ, ಆ ಪಿನ್ನು ತೆಗೆದು ಒಂದ್ಸಲ ಹೇಳ್ತೀರಾ, ತೆಗೆದ್ರೆ ಅದು ನನ್ನ ದನಿ ಆಗ್ಬಿಡುತ್ತೆ ಸಾರ್, ಚೀಲಣ್ಣ ಎಲ್ಲಿರ್ತಾನೆ, ಸರಿ ಮೇಡಂ, ಹಾಗಿದ್ರೆ ಇದೊಂದು ದೃಶ್ಯ ಮಾತ್ರ ಇವರು ಟ್ರೈ ಮಾಡ್ಲಿ, ನೀವು ಸ್ವಲ್ಪ ನೀರು ಕುಡೀರಿ — ನಿರೂಪಕ ಆಗಲೇ ಎದ್ದು ನಿಂತು ಗಂಟಲು ಸರಿಮಾಡಿಕೊಂಡ, ಇದೊಂದು ದೃಶ್ಯ ಎಂದರೆ ನಾಳೆ ಇನ್ನೊಂದು, ನನಗೆ ಗೊತ್ತಿಲ್ಲದ್ದೇ — ಚಟೀರ್, ಅಳತೆಪಟ್ಟಿ ಸೋಫಾದ ತೋಳಿಗೆ ಬಿದ್ದದ್ದು ಡೈರೆಕ್ಟರ ಮೈಕಿನಿಂದ ನನ್ನ ಕಿವಿಗೆ ಗುಡುಗಿನಂತೆ ಕೇಳಿತು, ನಿರೂಪಕ ಇದ್ದಲ್ಲೇ ಕೂತ. ಭಾವ ಎದ್ದಿದ್ದಾರೆ. ಗಾಜಿನ ಹತ್ತಿರ ಬರುತ್ತಿದ್ದಾರೆ, ಅಯ್ಯೋ ಈಗ ನನ್ನ ಮರ್ಯಾದೆ ತೆಗೆಯುತ್ತಾರೆ, ಭಾವ ಸುಮ್ನೆ ಕೂತ್ಕೊಳ್ಳಿ, ಇಲ್ಲ, ಕೂರುವುದಿಲ್ಲ, ತುಟಿಯ ಮೂಲೆಯಿಂದ ಪಿನ್ನು ಒಂದೊಂದಾಗಿ ತೆಗೆದು ಅಂಗಿಯ ಕಾಲರಿಗೆ ಚುಚ್ಚುತ್ತಿದ್ದಾರೆ. ಭಾವ ಪಿನ್ನು ತೆಗೆದು ಮಾತಾಡಿದ್ದನ್ನು ನಾನು ನೋಡಿರುವುದೇ ಕಡಿಮೆ, ಅಪ್ಪ ಹೋದ ದಿನ ಅಂಗಡಿಯಿಂದ ಓಡಿಬಂದು ಹೊಸ್ತಿಲಲ್ಲಿ ನಿಂತು ಹೀಗೇ ತೆಗೆದರು, ಪುಟ್ಟಿ, ಬಾಮ್ಮ ಇಲ್ಲಿ, ಎಂದರು, ಎಷ್ಟು ಬೇರೆ ದನಿ, ಒಣಗಿದ, ಬರಿಗಾಲಿನ ದನಿ, ಅದನ್ನು ನಾನು ಯಾವ ಮೈಕಿಗೂ ಕೊಟ್ಟಿಲ್ಲ.

ಗಾಜಿಗೆ ಅವರ ಉಸಿರು ತಾಗುವುದಿಲ್ಲ, ಉಸಿರು ಕುತ್ತಿಗೆಯಿಂದ ಹೋಗುತ್ತದೆ, ಗಾಜು ತಿಳಿಯಾಗಿದೆ, ತುಟಿ ಸ್ಪಷ್ಟವಾಗಿ ಕಾಣುತ್ತದೆ, ತುಟಿ ತೆರೆಯುತ್ತದೆ — ಹೋಗು, ಇನ್ನೊಮ್ಮೆ, ಹೋಗು, ನಿಧಾನ, ನಾನು ಪಿನ್ನು ಉಗುಳಿದೆನೋ ತೆಗೆದೆನೋ, ಪರದೆಯ ಮೇಲಿನ ಗೆರೆಯ ಕೊಕ್ಕನ್ನು ಬಿಟ್ಟು ಆ ತುಟಿಯನ್ನು ನೋಡುತ್ತೇನೆ, ಇಷ್ಟು ವರ್ಷ ತುಟಿಗೆ ಮಾತು ಕೂಡಿಸಿದವಳು, ಎಷ್ಟೆಷ್ಟು ಹಕ್ಕಿಗೆ, ಎಷ್ಟೆಷ್ಟು ಕತ್ತೆಗೆ, ಇದಕ್ಕೆ ಕೂಡಿಸಲಾರೆನೆ, ನಾನೇನು ಅಳಲ್ಲ, ತುಟಿ ಮುಚ್ಚಿ ಕಾಯಿತು, ನಾನೂ ಕಾದೆ, ಒಂದು ಮಾತು, ನಿನ್ನ ಕಿರೀಟ ನನ್ನ ಚೀಲದಲ್ಲೇ — ನನ್ನ ಗಂಟಲಿನಿಂದ ಹೊರಟಿದ್ದು ನನ್ನ ದನಿಯಲ್ಲ, ಪಿನ್ನಿಲ್ಲ, ಆದರೂ ನನ್ನದಲ್ಲ — ಉಳಿದುಹೋಗಿದೆ. ಸೌಂಡಿನವನು ಈ ಸಲ ಮೇಜಿನ ಕೆಳಗೆ ಬಗ್ಗಿಲ್ಲ, ಕನ್ನಡಕ ತೆಗೆದಿದ್ದಾನೆ. ಇದೇ ಇರ್ಲಿ ಮೇಡಂ, ಅನ್ನುತ್ತಾನೆ ಡೈರೆಕ್ಟರು, ಇದೇ, ಇನ್ನು ಎಲ್ಲಾ ದೃಶ್ಯಾನೂ ನೀವೇ ಮುಗಿಸ್ಬಿಡಿ, ನಿರೂಪಕ ತನ್ನ ಹಾಳೆಯನ್ನು ಮೆಲ್ಲಗೆ ಮಡಿಚುತ್ತಿದ್ದಾನೆ, ಗೆದ್ದೆ ಅನ್ನಬೇಕು, ಭಾವ, ಆಯಿತು, ಓಕೆ ಆಯಿತು ಎಂದು ಕೈ ಎತ್ತಿ ತೋರಿಸುತ್ತೇನೆ, ಅವರು ನೋಡುತ್ತಿಲ್ಲ, ಹಾಳೆಯಲ್ಲಿದ್ದ ಮಾತು ಮುಗಿದಿದೆ, ತುಟಿ ನಿಂತಿಲ್ಲ, ಇನ್ನೂ ಏನೋ ಹೇಳುತ್ತಿದೆ, ಯಾರಿಗೋ, ನನಗೋ, ಅಕ್ಕನಿಗೋ, ಗಾಜಿನಾಚೆ ತುಟಿ ತೆರೆಯುತ್ತದೆ, ಮುಚ್ಚುತ್ತದೆ, ಯಾವ ಮಾತು ಕೂಡಿಸಲಿ ಭಾವ, ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ