ಚಂದ್ರಿಯ ಮೂಗು

"ಚಂದ್ರಿ ಸಿಕ್ಕಾಳ!" ಫೋನು ಇನ್ನೂ ಕಿವಿಯಲ್ಲಿರುವಾಗಲೇ ಸುಕುಮಾರ ಕೂಗಿದ. "ಮೂಗ ಮ್ಯಾಚ್ ಆಗೇತಂತ! ಡಾಕ್ಟರಬಾಯಿ ಹೇಳಾಕತ್ತಾರ!"

ಅಂಗಳದ ಕೆಸರು ಬಳಿದು ತೆಗೆಯುತ್ತಿದ್ದ ಅವನ ಹೆಂಡತಿ ರಾಜಮತಿಯ ಕೈ ನಿಂತಿತು. ತಮ್ಮೂರು ಅಕಿವಾಟಕ್ಕೆ ಹೊಳೆ ನುಗ್ಗಿದ ದಿನ ಚಂದ್ರಿ ಮತ್ತು ಅದರ ಮಗಳು, ಎರಡೂ ಎಮ್ಮೆಗಳ ಹಗ್ಗ ಬಿಚ್ಚಿ ಬಿಟ್ಟವಳು ಅವಳೇ. ಹತ್ತೊಂಬತ್ತು ದಿನದಿಂದ ಒಂದರ ಸುಳಿವೂ ಇರಲಿಲ್ಲ. ಈಗ ಗಂಡ ಕುಣಿಯುತ್ತಿದ್ದ. ಅವಳಿಗೊಬ್ಬಳಿಗೇ ಗೊತ್ತಿತ್ತು.

ಆ ಮೂಗು ಚಂದ್ರಿಯದಲ್ಲ!

ಬೇಸಿಗೆಯಲ್ಲಿ, ಕಳೆದ ದನದ ಗುರುತು ಹತ್ತಲೆಂದು ಮೂಗಿನ ಫೋಟೋ ತೆಗೆಯುವವನೊಬ್ಬ ಬಂದಿದ್ದ. ನಮ್ಮ ಹೆಬ್ಬೆಟ್ಟಿನ ಹಾಗೆ ಒಂದರ ಮೂಗಿನ ಗೆರೆ ಇನ್ನೊಂದಕ್ಕೆ ಇರುವುದಿಲ್ಲವಂತೆ. ಸದ್ಯಕ್ಕೆ ಮನೆಗೊಂದೇ, ಚಲೋ ಎಮ್ಮೆ ತರ್ರಿ ಅಂದ. ಚಲೋ ಎಂದರೆ ಚಂದ್ರಿಯೇ. ಹೊತ್ತಿಗೆ ಆರು ಲೀಟರು, ಹಣೆಯ ಮೇಲೆ ಬಿಳಿ ಚುಕ್ಕೆ. ಅಂಥವಳ ಮೋರೆಯನ್ನು ಫೋನಿನಲ್ಲಿಟ್ಟುಕೊಂಡು ಊರೂರು ತಿರುಗಿದರೆ ದೃಷ್ಟಿ ತಾಗದೆ ಬಿಡುತ್ತದೆಯೇ? ರಾಜಮತಿ ಚಂದ್ರಿಯ ಮಗಳನ್ನು, ಇನ್ನೂ ಗಬ್ಬಾಗದ ಆ ಒದೆಯುವ ಮಣಕವನ್ನು, ಎಳೆದು ತಂದು "ಇದ ನೋಡ್ರಿ ಚಂದ್ರಿ" ಎಂದಳು. ಆ ಪುಣ್ಯಾತ್ಮ ಮೂಗು ಬಿಟ್ಟು ಬೇರೇನೂ ನೋಡಲಿಲ್ಲ. ಸುಕುಮಾರ ಅವತ್ತು ಗೋಕುಳ ಶಿರಗಾಂವದ ಫೌಂಡ್ರಿ ಕೆಲಸದಲ್ಲಿದ್ದ. ಅವನಿಗೂ ಅವಳು ಹೇಳಲಿಲ್ಲ.

ಮರುದಿನ ಎಮ್ಮೆ ತರಲು ಟೆಂಪೋ ಹೊರಟಾಗ ಬೆಳಗಿನ ಮಂಜು ಕರಗಿರಲಿಲ್ಲ. ಕಬ್ಬು ಒಂದೇ ಕಡೆಗೆ ತಲೆ ಬಾಚಿದಂತೆ ಮಲಗಿತ್ತು. ಜಾಲಿಗಿಡದ ತುದಿಯಲ್ಲಿ ಯಾರದೋ ಸೀರೆ ಅಲ್ಲಾಡುತ್ತಿತ್ತು. ರಾಜಮತಿಗೆ ಕಣ್ಣು ಎಳೆಯಿತು. ಅರೆನಿದ್ದೆಯಲ್ಲಿ, ಮಂಜಿನೊಳಗೆ ಚಂದ್ರಿ ಈಜುತ್ತಿದ್ದಳು, ನೀರಿನ ಮೇಲೆ ಮೂಗೊಂದೇ.

"ಯಾಕ ಸುಮ್ಮನ ಕುಂತಿ? ಖುಷಿ ಆಗಲಿಲ್ಲೇನ?" ಎಂದ ಸುಕುಮಾರ.

"ಆಗೇತ್ರಿ."

ಹೊಳೆಯಾಚೆಯ ಶಾಲೆಯ ಬಯಲಿನಲ್ಲಿ ನೆರೆಯಲ್ಲಿ ಸಿಕ್ಕ ದನಗಳಿಗೆ ಛಾವಣಿ, ಅಂದರೆ ಬಿಡಾರ, ಹಾಕಿದ್ದರು. ದನದ ಡಾಕ್ಟರ್ ಋತುಜಾ ತೋರಿಸಿದ ಕಡೆ ನೋಡಿ ಸುಕುಮಾರನ ಮುಖ ಇಳಿಯಿತು. "ಇದು ಚಂದ್ರಿ ಅಲ್ರಿ, ನಮ್ಮ ಮಣಕ! ನಿಮ್ಮ ಮಶೀನ್ ತಪ್ಪೈತ್ರಿ."

"ಮಶೀನ್ ಸುಳ್ಳ ಹೇಳೂದಿಲ್ರಿ ದಾದಾ."

ರಾಜಮತಿ ಉಳಿದ ಎಮ್ಮೆಗಳ ಸಾಲನ್ನು ಎರಡು ಸಲ ನೋಡಿದಳು. ಬಿಳಿ ಚುಕ್ಕೆ ಎಲ್ಲೂ ಇರಲಿಲ್ಲ.

"ಸುಳ್ಳ ಹೇಳಿದಾಕಿ ನಾನ್ರಿ," ಎಂದಳು. "ಚಂದ್ರಿಗೆ ದೃಷ್ಟಿ ಆದೀತಂತ ಇದರ ಮೂಗ ಕೊಟ್ಟೆ. ಈಗ ಆಕಿ ಎಲ್ಲೆರ ಜೀವಂತ ನಿಂತಿದ್ರೂ ಯಾರ ಎಮ್ಮಿ ಅಂತ ಯಾರಿಗೂ ತಿಳಿಯೂದಿಲ್ಲ. ನನ್ನ ಕೈಯಾರೆ ಕಳಕೊಂಡ್ನಿ."

ಸುಕುಮಾರ ಬೈಯಲು ಬಾಯಿ ತೆರೆದ. ಅವಳ ಮುಖ ನೋಡಿ ಹೆಗಲ ಮೇಲಿನ ಟವೆಲು ಅವಳ ಕೈಗಿತ್ತ.

"ಅಳಬ್ಯಾಡ್ರಿ ಕಾಕು," ಎಂದಳು ಋತುಜಾ. "ಬಿಳಿ ಚುಕ್ಕಿ ಅಂತ ಎಲ್ಲಾ ಛಾವಣಿಗೂ ಹೇಳತೇನಿ. ಇದರ ಹೆಸರ ತಿದ್ದೂಣು. ಏನ ಹೆಸರ?"

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಮೂರು ವರ್ಷ ಅದನ್ನು ಬೈದದ್ದೇ ಬೈದದ್ದು, ಹೆಸರಿಡುವುದು ಯಾರಿಗೂ ನೆನಪಾಗಿರಲಿಲ್ಲ.

"ತಿದ್ದಬ್ಯಾಡ್ರಿ," ಎಂದಳು ರಾಜಮತಿ. ಸೆರಗಿನಿಂದ ಮಣಕದ ಮೂಗಿನ ಕೆಸರು ಒರೆಸಿದಳು. ಇವತ್ತು ಅದು ಒದೆಯಲಿಲ್ಲ. ಮೆಲ್ಲಗೆ ಕರೆದಳು, "ಚಂದ್ರೀ..."

ಮಣಕ ಕಿವಿ ನಿಮಿರಿಸಿತು. ಆಮೇಲೆ ಕತ್ತು ಹೊರಳಿಸಿ, ಹಿಂದೆ ಹೊಳೆಯ ದಾರಿಯನ್ನೇ ನೋಡುತ್ತ ನಿಂತಿತು.