ಯಂತ್ರಮಾನವ ಸಾಯಲೇಬೇಕು

ತೊಂಬತ್ತರ ಏಪ್ರಿಲ್. ಗಲ್ಫಿನ ಫರ್ವಾನಿಯಾದ ತಮ್ಮ ವೀಡಿಯೊ ಅಂಗಡಿಯಲ್ಲಿ ಅಹ್ಮದ್ ಬಾವಾ ಹಳೆಯ ಆಕಾಶನೌಕೆಯ ಸಿನಿಮಾವನ್ನು ಅಳಿಸಿ, ಅದೇ ಕ್ಯಾಸೆಟ್ಟಿಗೆ ಕೊನೆ ತಿದ್ದಿದ ಹೊಸ ಪ್ರತಿ ತುಂಬಿಸಲು ಹೊರಟಿದ್ದರು. ಹೊಸದರಲ್ಲಿ ಯಂತ್ರಮಾನವ ಸಾಯುವುದೇ ಇಲ್ಲ.

"ಹಳೇದು ಇದೊಂದೇ ಉಳಿದದ್ದು ಬಾವಾಕ, ಅಳಿಸ್ಬೇಡಿ," ಎಂದಳು ಅಂಗಡಿಯ ಖಾಯಂ ಗಿರಾಕಿ ಮೋಹಿನಿ.

"ಎಂತ ಮಾರಾಯ್ತಿ, ಪಾಪದವ ಬದುಕಿದ್ರೆ ನಿನಗೆಂತ ಹೊಟ್ಟೆಕಿಚ್ಚು?"

"ನಾನೆಷ್ಟು ಅತ್ರೂ ನನ್ನಜ್ಜಿ ಕತೆಯಲ್ಲಿ ಸತ್ತವರನ್ನು ಎಬ್ಬಿಸಿದವರಲ್ಲ. ಅದಕ್ಕೇ ಅವರೆಲ್ಲ ನಂಗಿನ್ನೂ ನೆನಪುಂಟು."

ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಚೂರು ಮುರಿದರೆ ಅದರಲ್ಲಿ ಮತ್ತೇನೂ ರೆಕಾರ್ಡ್ ಆಗದು. ಮೋಹಿನಿ ಕ್ಯಾಸೆಟ್ಟನ್ನು ಕಿತ್ತುಕೊಂಡು, ತಲೆಯ ಪಿನ್ನು ತೆಗೆದು ಅದರಿಂದ ಆ ಚೂರನ್ನು ಟಕ್ಕೆಂದು ಮುರಿದಳು.

"ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿದ್ರೆ ಪುನಃ ರೆಕಾರ್ಡ್ ಆಗ್ತದೆ!" ಬಾವಾ ನಕ್ಕರು.

"ಅಂಟಿಸಿ ನೋಡುವಾ." ಅವಳು ಕ್ಯಾಸೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಗಟ್ಟಿಯಾಗಿ ಕೂತಳು.

"ಖಲಾಸ್, ಮುಗೀತು," ಎಂದು ಬಾವಾ ಹೊಸ ಪ್ರತಿಗೆಂದು ಖಾಲಿ ಕ್ಯಾಸೆಟ್ಟೊಂದರ ಹೊದಿಕೆ ಬಿಚ್ಚಿದರು.