ಬಿಸಿ ಪೈಪಿನ ಮೇಲೆ ಕಿತ್ತಳೆ ಸಿಪ್ಪೆ

ಮತ್ತೆ ಬರೀ ಸೋಪು, ಸೋಪಿನ ಹಿಂದೆ ಕಿತ್ತಳೆ, ಕಿತ್ತಳೆಯ ಹಿಂದೆ ಏನೂ ಇಲ್ಲ, ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟರೆ ನೆಲ ಸಿಕ್ಕ ಹಾಗೆ ಮೂಗು ಮುಗ್ಗರಿಸಿ ನಿಲ್ಲುತ್ತದೆ, ಮಧ್ಯಾಹ್ನದಿಂದ ಉರಿಯುತ್ತಿದೆ ಈ ಮೇಣದಬತ್ತಿ, ಗಾಜಿನ ಲೋಟದಲ್ಲಿ ಮೇಣ ಕರಗಿ ಅಂಚು ಮುಟ್ಟಿದೆ, ಇನ್ನೇನು ಬೇಕು ನಿನಗೆ, ಬಾಯಿ ಬಿಡು, ಹೇಳು. ಒಲೆಯ ಮೇಲೆ ದೊಡ್ಡ ಪಾತ್ರೆಯ ಬಿಸಿನೀರಿನಲ್ಲಿ ಸಣ್ಣ ಪಾತ್ರೆ, ಅದರಲ್ಲಿ ನಾಳೆಯ ಲೋಟಗಳಿಗೆ ಹೊಸ ಮೇಣ, ಅದೂ ಕಾಯುತ್ತಿದೆ, ತುಂಬಾ ಬಿಸಿ ಇರುವಾಗ ಎಣ್ಣೆ ಹಾಕಿದರೆ ಪರಿಮಳವೆಲ್ಲ ಸೂರಿಗೆ ಹೋಗುತ್ತದೆ, ಆರಿದ ಮೇಲೆ ಹಾಕಿದರೆ ಮೇಣ ಒಳಗೇ ಬಿಟ್ಟುಕೊಳ್ಳುವುದಿಲ್ಲ, ಮುನಿಸಿಕೊಂಡ ಅತ್ತೆಯ ಹಾಗೆ, ಮಾತಾಡಿಸಲು ಹೊತ್ತು ನೋಡಬೇಕು. ಹಿಂದೆ ಊಟದ ಮೇಜಿನ ಹತ್ತಿರ ಅಕ್ಕ, ಸಹಾಯಕ್ಕೆಂದು ಬಂದವಳು, ಖಾಲಿ ಲೋಟಗಳ ಕುತ್ತಿಗೆಗೆ ರಿಬ್ಬನ್ ಕಟ್ಟುತ್ತ, ಚಕ್ಕೆ ಹಾಕೇ, ಸುಮ್ನೆ ಒಂದಿಷ್ಟು ಚಕ್ಕೆ, ಒಂದಿಷ್ಟು ವೆನಿಲ್ಲಾ, ಮುಗೀತು, ಊರಿಗೇ ಒಂದು ದಾರಿ ಆದ್ರೆ ಎಡವಟ್ಟಿಗೆ ಇನ್ನೊಂದು ದಾರಿ ಅಂತೆ, ಹಾಗಾಯ್ತು ನಿಂದು. ಚಕ್ಕೆಯಂತೆ. ಪಾಯಸ ಮಾಡುತ್ತಿದ್ದೇನೆಯೇ ನಾನು. ರಿಬ್ಬನ್ ನೋಡು ಎಷ್ಟು ಅಗಲ, ಮೂಗಿಗಿಂತ ಮೂಗುತಿ ಭಾರ, ಅದೂ ಅಂಗಡಿ ಮೇಡಂ ಕಳಿಸಿದ್ದು, ಸಂಜೆ ಬರುತ್ತಾರೆ, ಬಂದು ಮುಚ್ಚಳ ತೆಗೆದು, ಹಚ್ಚದೆ, ಹಚ್ಚುವ ತಾಳ್ಮೆ ಯಾರಿಗಿದೆ, ತಣ್ಣನೆಯ ಮೇಣವನ್ನು ಒಂದು ಸಲ ಮೂಸಿ ತೀರ್ಪು ಕೊಡುತ್ತಾರೆ. ಹೋದ ವಾರ ಹಾಗೇ ಮಾಡಿದರು, ಸೇಬಿಗೆ ಶುಂಠಿ ಸೇರಿಸಿದ್ದು, ಪೈನ್ ಮರಕ್ಕೆ ಪುದೀನ ಸೇರಿಸಿದ್ದು, ಎರಡನ್ನೂ ಮೂಸಿ ಮೂಗು ಮುರಿದರು, ಚಳಿಗಾಲದ ರಜೆಗೆ ಹೊಸ ಪರಿಮಳ ಬೇಕು ಕಣಮ್ಮಾ, ಆದ್ರೆ ಜನಕ್ಕೆ ಗೊತ್ತಿರೋದೇ ಆಗಿರ್ಬೇಕು, ಅರ್ಥ ಆಯ್ತಲ್ಲ. ಅರ್ಥವಾಗದೆ ಏನು, ಅಡ್ಡಗೋಡೆಯ ಮೇಲೆ ದೀಪ ಇಟ್ಟರು, ಅಷ್ಟೇ. ಇವತ್ತು ಒಪ್ಪಿದರೆ ಬೀದಿಗೆ ಕಾಣುವ ಮುಂದಿನ ಕಪಾಟು ರಜೆ ಮುಗಿಯುವವರೆಗೆ ನನ್ನದು, ಒಪ್ಪದಿದ್ದರೆ ಹೋದ ವರ್ಷದ ಹಾಗೆ ಅಂಗಡಿಯ ಹೆಸರಿನ ಲೋಟಗಳಿಗೆ ವೆನಿಲ್ಲಾ ಸುರಿಯುತ್ತ ಕೂರಬೇಕು, ತಲೆನೋವು ಬರಿಸುವ, ಹಲ್ಲು ಜುಮ್ಮೆನ್ನುವ ವೆನಿಲ್ಲಾ. ಕೂರುವುದಿಲ್ಲ. ಈ ಸಲ ಆ ಕಪಾಟಿನಲ್ಲಿ ಅಮ್ಮ ನಿಲ್ಲಬೇಕು.

ಅಮ್ಮ ಹೋಗಿ ವರ್ಷಗಳಾದವು, ಕೈಗಳು ಮಾತ್ರ ಇನ್ನೂ ಎದುರಿಗಿವೆ, ನೀರಿನಲ್ಲಿ ನೆನೆದು ಬೆರಳ ತುದಿ ಸುಕ್ಕಾಗಿ, ಹೆಬ್ಬೆರಳ ಉಗುರು ಕಿತ್ತಳೆಯ ನೆತ್ತಿಗೆ ಚುಚ್ಚಿ, ಒಂದೇ ಎಳೆ, ಸುತ್ತಿ ಸುತ್ತಿ ಕೊನೆಯವರೆಗೂ ಹರಿಯದೆ ಬರುವ ಸಿಪ್ಪೆ. ದೊಡ್ಡ ಹೋಟೆಲಿನ ನೆಲಮಾಳಿಗೆ ಅದು, ಬಟ್ಟೆ ಒಗೆಯುವ ಕೋಣೆ, ಮೇಲೆ ಎಲ್ಲರಿಗೂ ರಜೆ, ಕೆಳಗೆ ಅಮ್ಮನಿಗೆ ಬೆಡ್‌ಶೀಟುಗಳ ಗುಡ್ಡ, ಜನ ರಜೆಗೆ ಬಂದಷ್ಟೂ ಗುಡ್ಡ ಎತ್ತರ, ಶಾಲೆಗೆ ಬೀಗ ಬಿದ್ದರೆ ನಾವಿಬ್ಬರೂ ಅಲ್ಲೇ, ಇನ್ನೆಲ್ಲಿಗೆ ಹೋಗುವುದು, ಇಸ್ತ್ರಿ ಮಾಡಿಟ್ಟ ಬೆಡ್‌ಶೀಟುಗಳ ಬಿಸಿಯ ಮೇಲೆ ನಾನು ಬೆಕ್ಕಿನ ಮರಿಯಂತೆ ಮಲಗಿದ್ದೇನೆ, ಗೋಡೆಯುದ್ದಕ್ಕೂ ಹಬೆಯ ಪೈಪು ಬುಸುಗುಡುತ್ತಿದೆ, ಅತಿಥಿಗಳು ತಿನ್ನದೆ ಬಿಟ್ಟ ಹಣ್ಣನ್ನು ಅಮ್ಮ ಸುಲಿದು ತೊಳೆ ನನಗೆ ಕೊಟ್ಟು ಸಿಪ್ಪೆಯನ್ನು ಆ ಬಿಸಿ ಪೈಪಿಗೆ ತೂಗುಹಾಕುತ್ತಾಳೆ, ಅದು ಮೆಲ್ಲಗೆ ಮುರುಟಿಕೊಳ್ಳುತ್ತದೆ, ಯಾಕಮ್ಮಾ ಅದು, ಅಲಂಕಾರ ಕಂದಾ, ಮೇಲೆ ಅವರು ಕಟ್ಟಿಕೊಂಡಿಲ್ವಾ, ಇದು ನಮ್ದು. ಅದಕ್ಕಿಂತ ಚೆಂದದ ಅಲಂಕಾರವನ್ನು ನಾನು ಇವತ್ತಿನವರೆಗೂ ಕಂಡಿಲ್ಲ, ಬೀದಿ ತುಂಬ ದೀಪದ ಸರ ಹಾಕಲಿ ಬೇಕಾದರೆ. ಅದೇ ಬೇಕು ನನಗೆ, ಒಗೆದ ಹತ್ತಿ, ಗಂಜಿ, ಇಸ್ತ್ರಿಯ ಬಿಸಿಗೆ ಕೊಂಚ ದೇವದಾರು, ಮೇಲೆ ಕಿತ್ತಳೆ ಸಿಪ್ಪೆಯ ಎಣ್ಣೆ, ಎಲ್ಲ ಹಾಕಿದ್ದೇನೆ, ಹನಿ ಹೆಚ್ಚಿಸಿ, ಹನಿ ಇಳಿಸಿ, ಕಾಗದದ ಪಟ್ಟಿ ಅದ್ದಿ ಮೂಸಿ ಮೂಸಿ ಮೂಗೇ ಮರಗಟ್ಟಿತು, ಚೆಂದವೇನೋ ಇದೆ, ಯಾರದೋ ಸ್ನಾನದ ಮನೆಯ ಹಾಗಿದೆ, ಅಲ್ಲಿ ಮಲಗಿದ್ದ ಮಗು ಮಾತ್ರ ಇಲ್ಲ. ಯಾರು ತಗೋತಾರೆ ಧೋಬಿಖಾನೆ ವಾಸನೆನ, ಅನ್ನುತ್ತಾಳೆ ಅಕ್ಕ, ಮನೇಲಿ ಒಗೆಯೋ ಬಟ್ಟೆ ಸಾಲದು ಅಂತ ದೀಪ ಬೇರೆ ಹಚ್ಕೋತಾರಾ, ನೀನು ಹಿಡಿದ ಮೊಲಕ್ಕೆ ಯಾವಾಗ್ಲೂ ಮೂರೇ ಕಾಲು. ಹೌದು, ಮೂರೇ ಕಾಲು, ಬೇಕಾದವರು ಎಣಿಸಿಕೊಳ್ಳಲಿ. ಯಾರ ರಜೆಗೆ ಚಕ್ಕೆಯ ಪರಿಮಳವಿತ್ತೋ ಅವರು ಚಕ್ಕೆ ಸುಡಲಿ, ನಮ್ಮ ರಜೆಗೆ ಸೋಪಿನ ಪರಿಮಳವಿತ್ತು, ಅದಕ್ಕೂ ಒಂದು ಕಪಾಟು ಇರಲಿ, ಅವರು ಮಲಗಿದ ಬೆಡ್‌ಶೀಟುಗಳನ್ನು ಬೆಳ್ಳಗೆ ಮಾಡಿದವಳು ಅವಳು. ನೀನು ಬೇಕಾದ್ರೆ ಮರ್ತುಬಿಡು ಅಕ್ಕ, ನಾನು ಮಾತ್ರ ಆ ಅಲಂಕಾರ ಮರೆಯೋಳಲ್ಲ, ಅಂದುಬಿಟ್ಟೆ, ಜೋರಾಗಿಯೇ ಅಂದೆ ಅನ್ನಿಸುತ್ತದೆ.

ಕತ್ತರಿ ಮೇಜಿನ ಮೇಲೆ ಠಕ್ಕೆಂದಿತು. ಅಲಂಕಾರ ಅಂತೆ ಅಲಂಕಾರ, ಅಕ್ಕನ ದನಿ ಇದು, ಇಷ್ಟು ಸಣ್ಣಗೆ ಯಾವತ್ತೂ ಮಾತಾಡಿದವಳಲ್ಲ, ಯಾರೇ ಹೇಳಿದ್ದು ನಿಂಗೆ ಅದು ಅಲಂಕಾರ ಅಂತ. ಅಮ್ಮ. ಹೇಳ್ದೆ ಏನ್ಮಾಡ್ತಾಳೆ, ಬೆರಳು ಚೀಪೋ ವಯಸ್ಸು ನಿಂದು, ನಿಜ ಹೇಳಿದ್ರೆ ಗೊತ್ತಾಗ್ತಿತ್ತಾ, ನಿಂಗೆ ಕೆಮ್ಮು ಕಣೇ, ಚಳಿ ಶುರು ಆದ್ರೆ ಸಾಕು ಗೊರಗೊರ ಕೆಮ್ಮು, ಎದೆಗೆ ಬೆನ್ನಿಗೆ ನೀಲಗಿರಿ ಎಣ್ಣೆ ತಿಕ್ಕಿ ಬೆಡ್‌ಶೀಟ್ ಗುಡ್ಡದ ಹಿಂದೆ ಮಲಗಿಸ್ತಿದ್ಳು, ಮಕ್ಕಳನ್ನ ಕರ್ಕೊಂಡು ಬರೋ ಹಾಗೇ ಇರ್ಲಿಲ್ಲ ಅಲ್ಲಿ, ಆ ಮೂಗಪ್ಪ — ಮೂಗಪ್ಪ, ನಾವೇ ಇಟ್ಟ ಹೆಸರು, ಮೇಲ್ವಿಚಾರಕ, ಬೆಡ್‌ಶೀಟುಗಳನ್ನು ಮೂಸಿ ನೋಡಿ ಮತ್ತೆ ಒಗಿ ಎಂದು ಎಸೆಯುತ್ತಿದ್ದವನು — ಆ ಮೂಗಪ್ಪನಿಗೆ ನಿನ್ನ ಎಣ್ಣೆ ಘಾಟು ಗೊತ್ತಾಗ್ಬಾರ್ದು ಅಂತ ಸಿಪ್ಪೆನ ಬಿಸಿ ಪೈಪಿಗೆ ಹಾಕ್ತಿದ್ಳು, ಗೊತ್ತಾಗಿದ್ರೆ ಅವತ್ತೇ ಕೆಲಸ ಹೋಗ್ತಿತ್ತು, ಅಲಂಕಾರ ಅಂತೆ, ನನ್ನನ್ನ ಬಾಗಿಲ ಹತ್ರ ನಿಲ್ಲಿಸೋಳು, ಬೂಟಿನ ಸದ್ದು ಕೇಳಿದ್ರೆ ನಿಂಗೆ ಸನ್ನೆ ಮಾಡ್ಬೇಕು, ನೀನು ಬೆಡ್‌ಶೀಟ್ ಕಚ್ಕೊಂಡು ಕೆಮ್ಮು ನುಂಗ್ತಿದ್ದೆ, ಕಣ್ಣಲ್ಲಿ ನೀರು ಬರೋದು ನಿಂಗೆ, ಇವತ್ತಿಗೂ ಕಿತ್ತಳೆ ಮನೆಯೊಳಗೆ ತರಲ್ಲ ಕಣೇ ನಾನು, ನಿಂಗೆ ರಜೆ, ನಂಗೆ ಕಾವಲು. ಕಿಟಕಿಯ ಗಾಜಿನ ಮೇಲೆ ಬಿಸಿನೀರಿನ ಹಬೆ ಇಳಿಯುತ್ತಿದೆ. ಬೆಡ್‌ಶೀಟು ಕಚ್ಚಿದ್ದೆನೇ ನಾನು, ಬಾಯಲ್ಲಿ ಗಂಜಿಯ ರುಚಿ ಬಂತು, ಈಗಲೇ ಬಂತು, ಒಗರು, ನಾಲಿಗೆಗೆ ಅಂಟುವಂಥದ್ದು, ಹೌದು, ಕಚ್ಚಿದ್ದೆ. ಅಕ್ಕನಿಗೆ ಆಗ ಏನು ವಯಸ್ಸು, ಅವಳೂ ಮಗುವೇ, ಬಾಗಿಲ ಸಂದಿಗೆ ಕಿವಿಯಿಟ್ಟು ನಿಂತ ಮಗು, ಅವಳ ಕಡೆಗೆ ನಾನು ಇಷ್ಟು ವರ್ಷ ಬೆನ್ನು ಮಾಡಿ ಸಿಪ್ಪೆ ನೋಡುತ್ತ ಮಲಗಿದ್ದೆ. ಸಿಟ್ಟು ಬರುತ್ತಿದೆ, ಮೂಗಪ್ಪನ ಮೇಲೆ, ಮಕ್ಕಳ ವಾಸನೆ ಬರಬಾರದ ಆ ಕಟ್ಟಡದ ಮೇಲೆ, ಗೊತ್ತಿರೋದೇ ಆಗಿರ್ಬೇಕು ಎನ್ನುವ ಅಂಗಡಿ ಮೇಡಂ ಮೇಲೆ, ಅಮ್ಮ ಕಿತ್ತಳೆಯಲ್ಲಿ ಗೋಡೆ ಕಟ್ಟಿದ್ದಳು, ನಾನು ಬರೀ ಗೋಡೆಯನ್ನೇ ಲೋಟಕ್ಕೆ ತುಂಬಿ ಒಳಗಿದ್ದ ಮಗು ಎಲ್ಲಿ ಎಂದು ಹುಡುಕುತ್ತಿದ್ದೆ.

ನೀಲಗಿರಿ. ಇಲ್ಲೇ ಇದೆ, ಕೆಳಗಿನ ಅರೆಯಲ್ಲಿ, ಪುದೀನದ ಸೀಸೆಯ ಪಕ್ಕದಲ್ಲಿ, ಇಷ್ಟು ದಿನ ಕೈಗೆ ತಾಗುತ್ತಲೇ ಇತ್ತು. ಏನ್ಮಾಡ್ತಿದ್ದೀಯೇ, ಬೇಡ್ವೇ, ಔಷಧಿ ಅಂಗಡಿ ಆಗುತ್ತೆ, ಮುಚ್ಚೋಕೆ ಅಷ್ಟು ಒದ್ದಾಡಿದ್ದನ್ನ ಕಪಾಟಿಗೆ ಇಡ್ತೀಯಾ — ಇಡುತ್ತೇನೆ ಅಕ್ಕ, ಮುಚ್ಚಿದ್ದು ಸಾಕು, ಅವನ ಮೂಗಿಗೆ ಹೆದರಿ ಮುಚ್ಚಿದ್ದು, ಈಗ ಯಾರ ಮೂಗಿಗೆ ಹೆದರಬೇಕು. ಬತ್ತಿ ಊದಿ ಆರಿಸಿದೆ, ಹೊಗೆ ಒಂದೆಳೆಯಾಗಿ ಎದ್ದಿತು, ಕರಗಿದ ಮೇಣಕ್ಕೆ ಒಂದು ಹನಿ, ಇನ್ನೊಂದು, ಕಡ್ಡಿಯಿಂದ ಮೆಲ್ಲಗೆ ಕಲಕಿ ಮತ್ತೆ ಹಚ್ಚುತ್ತೇನೆ, ಮೊದಲು ಬರೀ ಬಿಸಿ, ಆಮೇಲೆ ಸೋಪು, ಹತ್ತಿ, ಕಿತ್ತಳೆ, ಕಿತ್ತಳೆಯ ಹಿಂದೆ — ಸಿಕ್ಕಿತು, ಮೆಟ್ಟಿಲು ಸಿಕ್ಕಿತು, ಕಾಲು ನಿಂತಿತು, ಎದೆಯ ಮೇಲೆ ಅಮ್ಮನ ಒರಟು ಅಂಗೈ, ಉಜ್ಜಿ ಉಜ್ಜಿ ಬಿಸಿಯಾದ ಅಂಗೈ, ನನ್ನ ವಾಸನೆ ಇದು, ನಾನು ಬಂದೆ. ಮೇಡಂ ಬರಲಿ, ತಣ್ಣನೆಯ ಮೇಣವನ್ನು ಮೂಸಲು ಕೊಡುವುದಿಲ್ಲ, ಉರಿಯುವುದರ ಎದುರೇ ಕೂರಿಸುತ್ತೇನೆ, ಹಿಡಿಸಿದರೆ ಮುಂದಿನ ಕಪಾಟು, ಹಿಡಿಸದಿದ್ದರೆ ಈ ಅಡುಗೆಮನೆಯ ಕಿಟಕಿಯೇ ಕಪಾಟು, ಬೀದಿ ಇದಕ್ಕೂ ಕಾಣುತ್ತದೆ, ವೆನಿಲ್ಲಾ ಮಾತ್ರ ಇನ್ನು ಈ ಒಲೆ ಹತ್ತುವುದಿಲ್ಲ. ಒಲೆಯ ಮೇಲಿನ ಮೇಣವೂ ಹದಕ್ಕೆ ಬಂದಿದೆ, ಎಣ್ಣೆ ಬೆರೆಸಿ ಸುರಿಯಬೇಕು, ಅಕ್ಕ ಪಾತ್ರೆ ಹಿಡ್ಕೋ — ಅಕ್ಕ ಇಲ್ಲ, ಎದ್ದು ಹೋಗಿದ್ದಾಳೆ, ಬಾಗಿಲ ಹತ್ತಿರ ನಿಂತಿದ್ದಾಳೆ, ಕೆಳಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು, ಮೇಡಂ ಇರಬೇಕು, ಹತ್ತಿ ಬರುತ್ತಿದ್ದಾರೆ, ಅಕ್ಕನ ಕಿವಿ ಬಾಗಿಲ ಸಂದಿಗೆ ಅಂಟಿದೆ, ಒಂದು ಕೈ ಹಿಂದಕ್ಕೆ ನನ್ನ ಕಡೆ ಚಾಚಿದೆ, ಇನ್ನೊಂದು ಕೈಯ ಬೆರಳು ತುಟಿಯ ಮೇಲೆ, ಶ್ — ನರೆತ ಕೂದಲಿನ ಅಕ್ಕ, ಮೂಗು ಅವಳನ್ನು ಎಲ್ಲಿಗೆ ಕರೆದೊಯ್ದು ನಿಲ್ಲಿಸಿದೆಯೆಂದು ಅವಳಿಗೇ ಗೊತ್ತಿಲ್ಲ, ಕಣ್ಣು ಮಾತ್ರ ನನ್ನ ಮೇಲೆ, ಸುಮ್ಮನಿರು, ಕೆಮ್ಮಬೇಡ. ಗಂಟಲಲ್ಲಿ ಎದ್ದೇಬಿಟ್ಟಿದೆ ಅದು, ಅಷ್ಟು ವರ್ಷಗಳಿಂದ ನುಂಗಿಟ್ಟದ್ದು, ಬಾಗಿಲ ಕರೆಗಂಟೆ ಬಡಿಯುತ್ತಿದೆ, ನಾನು ಕೆಮ್ಮುತ್ತೇನೆ, ಬಾಯಿಗೆ ಕೈ ಅಡ್ಡ ಇಡದೆ, ಮನೆ ತುಂಬ ಕೇಳುವ ಹಾಗೆ, ತೆಗಿ ಅಕ್ಕ ಬಾಗಿಲು, ಯಾರೂ ಏನೂ ಮಾಡೋಕಾಗಲ್ಲ, ಇಲ್ಲೇ ಇದ್ದೀವಿ ಅಂತ ಹೇಳು, ತೆಗಿ, ಅವಳ ಬೆರಳು ತುಟಿಯಿಂದ ಇಳಿಯುತ್ತಿದೆ, ಚಿಲಕದ ಕಡೆಗೆ, ಗೋಡೆಯುದ್ದಕ್ಕೂ ಬಿಸಿ ಪೈಪು, ಪೈಪಿನ ಮೇಲೆ ಸಿಪ್ಪೆ, ಒಂದೇ ಎಳೆ, ಅಂಚು ಕಂದಿ, ಮುರುಟುತ್ತ, ಹರಿಯದೆ, ಸಿಪ್ಪೆ